ರಿಪೋರ್ಟ್ ಒತ್ತಿದರೆ ಯಾರಾದರೂ ನೋಡುತ್ತಾರಾ?

ಪ್ರಶ್ನೆ: ಆರು ತಿಂಗಳ ಹಿಂದೆ ಮಾಸ್ಟೊಡಾನ್ ಅನ್ನುವ ಸೋಶಿಯಲ್ ಮೀಡಿಯಾಗೆ ಸೇರಿದೆ. ಜಾಹೀರಾತಿಲ್ಲ, ಜಗಳ ಕಡಿಮೆ, ತುಂಬ ಖುಷಿಯಾಗಿತ್ತು. ಈಗ ಒಂದು ವಾರದಿಂದ ಗುರುತು ಪರಿಚಯ ಇಲ್ಲದ ಖಾತೆಗಳು ನನ್ನನ್ನು ಟ್ಯಾಗ್ ಮಾಡಿ ಏನೇನೋ ಲಿಂಕ್ ಹಾಕುತ್ತಿವೆ. ಬ್ಲಾಕ್ ಮಾಡಿದರೆ ಮಾರನೇ ದಿನ ಬೇರೆ ಹೆಸರಲ್ಲಿ ಹಾಜರ್. ಬೇರೆ ಕಡೆ ರಿಪೋರ್ಟ್ ಮಾಡಿ ಮಾಡಿ ಸಾಕಾಗಿದೆ, ಉತ್ತರವೇ ಬರಲ್ಲ. ಇಲ್ಲಾದರೂ ಯಾರಾದರೂ ನೋಡುತ್ತಾರಾ?
– ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ನೋಡುತ್ತಾರೆ. ಅದೂ ಮನುಷ್ಯರೇ ನೋಡುತ್ತಾರೆ. ಹೆಚ್ಚಿನ ಕಡೆ ತಮ್ಮ ಕೆಲಸ ಮುಗಿಸಿ, ರಾತ್ರಿ ಊಟ ಆದ ಮೇಲೆ, ಒಂದು ರೂಪಾಯಿ ಸಂಬಳ ಇಲ್ಲದೆ.

ಮಾಸ್ಟೊಡಾನ್ ಒಂದೇ ಜಾಗ ಅಲ್ಲ. ಯೂಜೆನ್ ರೋಚ್ಕೋ ಅನ್ನುವವರು 2016ರಲ್ಲಿ ಜರ್ಮನಿಯಲ್ಲಿ ಶುರು ಮಾಡಿದ ಸಾಫ್ಟ್‌ವೇರ್ ಇದು. ಯಾರು ಬೇಕಾದರೂ ಇಳಿಸಿಕೊಂಡು ತಮ್ಮದೇ ಸರ್ವರ್ ನಡೆಸಬಹುದು. ಹೀಗೆ ಸಾವಿರಾರು ಸರ್ವರ್‌ಗಳಿವೆ, ಇಮೇಲ್ ಥರ ಒಂದು ಇನ್ನೊಂದಕ್ಕೆ ಸಂದೇಶ ಕಳಿಸುತ್ತವೆ. ಚಿಕ್ಕ ಸರ್ವರ್ ಆದರೆ ನೋಡಿಕೊಳ್ಳೋಕೆ ಒಬ್ಬ ಅಡ್ಮಿನ್ (ಸರ್ವರ್ ನಡೆಸುವವರು), ಒಂದಿಬ್ಬರು ಮಾಡರೇಟರ್ (ದೂರು ನೋಡುವವರು) ಇರುತ್ತಾರೆ, ಅಷ್ಟೇ. ನೀವು ಒತ್ತಿದ ರಿಪೋರ್ಟ್ ಮೊದಲು ಹೋಗೋದು ಅವರ ಹತ್ತಿರ.

ಇದು ಅನುಕೂಲವೂ ಹೌದು, ತೊಂದರೆಯೂ ಹೌದು. ತೊಂದರೆ ಎಂಥದ್ದು ಅಂತ 2024ರ ಫೆಬ್ರವರಿಯಲ್ಲಿ ಎಲ್ಲರಿಗೂ ಗೊತ್ತಾಯಿತು. ಆ ತಿಂಗಳ ಮಧ್ಯದಲ್ಲಿ ಇದ್ದಕ್ಕಿದ್ದಂತೆ ಜನರ ನೋಟಿಫಿಕೇಶನ್‌ನಲ್ಲಿ ಸ್ಪ್ಯಾಮ್ ಹೆಸರಿನ ಮಾಂಸದ ಡಬ್ಬಿಯ ಚಿತ್ರ ಬರೋಕೆ ಶುರುವಾಯಿತು. ಅಮೆರಿಕದ ಹಾರ್ಮೆಲ್ ಕಂಪನಿ 1937ರಿಂದ ಮಾರುತ್ತಿರುವ ಡಬ್ಬಿ ಅದು, ಬೇಡದ ಸಂದೇಶಕ್ಕೆ ಈ ಹೆಸರು ಬಂದಿದ್ದೂ ಅದರಿಂದಲೇ. ಆ ಪೋಸ್ಟ್‌ಗಳು ಏನನ್ನೂ ಮಾರುತ್ತಿರಲಿಲ್ಲ. ಜಪಾನಿನಲ್ಲಿ ಡಿಸ್ಕಾರ್ಡ್ ಅನ್ನುವ ಚಾಟ್ ಆ್ಯಪ್ ಬಳಸುವ ಕೆಲವು ಹುಡುಗರ ನಡುವಿನ ಜಗಳದಿಂದ ಇದು ಹುಟ್ಟಿತು ಅಂತ ಆಗ ವರದಿಯಾಯಿತು. ಯಾರದೋ ಜಗಳ, ಅದಕ್ಕೆ ಲೋಕದ ಇನ್ನೊಂದು ಮೂಲೆಯ ಅಡ್ಮಿನ್‌ಗಳು ನಿದ್ದೆ ಬಿಡಬೇಕಾಯಿತು.

ದಾಳಿ ಮಾಡಿದವರು ನುಗ್ಗಿದ ದಾರಿ ನೋಡಿ. ಅದಕ್ಕೂ ಮುಂಚೆ ಸ್ಪ್ಯಾಮ್ ಮಾಡುವವರು ದೊಡ್ಡ ಸರ್ವರ್‌ಗೇ ಹೋಗುತ್ತಿದ್ದರು. 2023ರ ಮೇ ತಿಂಗಳಲ್ಲಿ ಕ್ರಿಪ್ಟೋ ಸ್ಪ್ಯಾಮ್ ಬಂದಾಗ ಎಲ್ಲಕ್ಕಿಂತ ದೊಡ್ಡ ಸರ್ವರ್ ಮಾಸ್ಟೊಡಾನ್ ಡಾಟ್ ಸೋಶಿಯಲ್ ಸ್ವಲ್ಪ ಕಾಲ ಹೊಸಬರನ್ನು ಸೇರಿಸಿಕೊಳ್ಳೋದನ್ನೇ ನಿಲ್ಲಿಸಿತ್ತು. ಅಲ್ಲಿ ಕಾಯೋಕೆ ಒಂದು ತಂಡ ಇತ್ತು. 2024ರಲ್ಲಿ ದಾಳಿ ಮಾಡಿದವರು ಚಿಕ್ಕ ಚಿಕ್ಕ ಸರ್ವರ್ ಹುಡುಕಿದರು. ಯಾರೋ ಉತ್ಸಾಹದಲ್ಲಿ ಶುರು ಮಾಡಿ, ಬೇಸರ ಬಂದು ಬಿಟ್ಟಿದ್ದು. ಅಡ್ಮಿನ್ ತಿಂಗಳುಗಟ್ಟಲೆ ಲಾಗಿನ್ ಆಗಿಲ್ಲ, ಆದರೆ ಯಾರು ಬೇಕಾದರೂ ಖಾತೆ ತೆರೆಯಬಹುದು. ಹಾಳೂರಿಗೆ ಉಳಿದವನೇ ಗೌಡ ಅಂತಾರಲ್ಲ, ಹಾಗೇ. ಪ್ರೋಗ್ರಾಂ ಬರೆದು, ಬಿಸಾಡೋ ಇಮೇಲ್ ವಿಳಾಸ ಕೊಟ್ಟು, ಒಂದಾದ ಮೇಲೆ ಒಂದು ಖಾತೆ ತೆರೆದು ಅಲ್ಲಿಂದ ಎಲ್ಲರ ಮನೆಗೂ ಡಬ್ಬಿ ಎಸೆದರು. ನೀವು ಬ್ಲಾಕ್ ಮಾಡಿದವನು ಮಾರನೇ ದಿನ ಬೇರೆ ಹೆಸರಲ್ಲಿ ಬರೋದೂ ಬಹುಶಃ ಇಂಥ ಕಡೆಯಿಂದಲೇ.

ಆಗ ಜನ ಮಾಡಿದ ಕೆಲಸ ನನಗೆ ಈಗಲೂ ದೊಡ್ಡದಾಗಿ ಕಾಣುತ್ತದೆ. ಯಾವ ಸರ್ವರ್‌ನಿಂದ ಬರುತ್ತಿದೆ ಅಂತ ಒಬ್ಬರು ಪಟ್ಟಿ ಹಾಕಿದರು, ಇನ್ನೊಬ್ಬರು ಅದಕ್ಕೆ ಸೇರಿಸಿದರು, ಮತ್ತೊಬ್ಬರು ಆ ಸರ್ವರ್‌ಗಳ ಅಡ್ಮಿನ್‌ಗಳನ್ನು ಹುಡುಕಿ ಇಮೇಲ್ ಬರೆದು 'ಸ್ವಾಮಿ, ನಿಮ್ಮ ಬಾಗಿಲು ತೆರೆದಿದೆ, ನೋಡಿ' ಅಂತ ಹೇಳಿದರು. ಕೆಲವರು ಆ ಇಮೇಲ್ ನೋಡಿಯೇ ಎಚ್ಚೆತ್ತು ಬಂದು ಬಾಗಿಲು ಹಾಕಿದರು. ಅದೇ ತಿಂಗಳು ಮಾಸ್ಟೊಡಾನ್ 4.2.8 ಆವೃತ್ತಿ ಬಂತು. ಅದರಲ್ಲಿ, ಒಂದು ವಾರ ಯಾವ ಮಾಡರೇಟರ್ ಕೂಡ ಸರ್ವರ್ ಕಡೆ ಬರದಿದ್ದರೆ, ಹೊಸ ಖಾತೆಗೆ ಒಪ್ಪಿಗೆ ಬೇಕು ಅನ್ನುವ ಸ್ಥಿತಿಗೆ ಆ ಸರ್ವರ್ ತಾನಾಗೇ ಬದಲಾಗುತ್ತದೆ. ಹೊಸದಾಗಿ ಹಾಕಿದ ಸರ್ವರ್‌ನಲ್ಲೂ ಬಾಗಿಲು ಮೊದಲು ಮುಚ್ಚಿರುತ್ತೆ, ಬೇಕಾದರೆ ನೀವೇ ತೆರೆಯಬೇಕು. ಇಷ್ಟು ಸಣ್ಣ ಬದಲಾವಣೆ ಮೊದಲೇ ಇರಬೇಕಿತ್ತು ಅಂತ ನನಗನಿಸುತ್ತದೆ.

ಈಗ ನಿಮ್ಮ ಕೆಲಸ. ಸುಮ್ನೆ ಬ್ಲಾಕ್ ಮಾಡಿ ಬಿಡಬೇಡಿ. ಬ್ಲಾಕ್ ಮಾಡಿದರೆ ನಿಮ್ಮ ಕಣ್ಣಿಗೆ ಮಾತ್ರ ಮರೆ, ಪಕ್ಕದವರಿಗೆ ಬರುತ್ತಲೇ ಇರುತ್ತೆ. ರಿಪೋರ್ಟ್ ಮಾಡಿ, ಸ್ಪ್ಯಾಮ್ ಅಂತ ಆರಿಸಿ, ಆ ಪೋಸ್ಟ್ ಅನ್ನೂ ಟಿಕ್ ಮಾಡಿ. ಯಾವ ಪೋಸ್ಟ್ ಅಂತ ಹೇಳದೆ ಬರೀ ಖಾತೆ ತೋರಿಸಿದರೆ ಮಾಡರೇಟರ್ ಹುಡುಕುತ್ತಾ ಕೂರಬೇಕು. ಆ ಖಾತೆ ಬೇರೆ ಸರ್ವರ್‌ನದ್ದಾದರೆ, ದೂರಿನ ಪ್ರತಿ ಅಲ್ಲಿಗೂ ಕಳಿಸಲಾ ಅಂತ ಕೇಳುತ್ತದೆ. ಕಳಿಸಿ. ನಿಮ್ಮ ಹೆಸರು ಹೋಗಲ್ಲ. ಇನ್ನೊಂದು, ನಿಮ್ಮ ಸರ್ವರ್‌ನಲ್ಲಿ 4.3 ಅಥವಾ ಅದಕ್ಕಿಂತ ಹೊಸ ಆವೃತ್ತಿ ಇದ್ದರೆ ನೋಟಿಫಿಕೇಶನ್ ಸೆಟ್ಟಿಂಗ್‌ಗೆ ಹೋಗಿ. 30 ದಿನದೊಳಗೆ ಹುಟ್ಟಿದ ಹೊಸ ಖಾತೆಗಳ ಟ್ಯಾಗ್‌ಗಳನ್ನು ಬೇರೆ ಕಡೆ ಇಡುವ ಆಯ್ಕೆ ಅಲ್ಲಿದೆ. ಅವು ಅಳಿಸಿಹೋಗಲ್ಲ, ಆಮೇಲೆ ನೋಡಬಹುದು.

ಪ್ರಶ್ನೆ: ಎಲ್ಲ ಅಡ್ಮಿನ್‌ಗಳೂ ಸೇರಿ ಒಂದೇ ಬ್ಲಾಕ್ ಪಟ್ಟಿ ಮಾಡಿ ಎಲ್ಲ ಕಡೆ ಹಾಕಿಬಿಟ್ಟರೆ ಮುಗೀತಲ್ವಾ?
– ಇನ್ನೊಬ್ಬ ಓದುಗರು, ಉಡುಪಿ

ಉತ್ತರ: ಪಟ್ಟಿಗಳಿವೆ, ಹಂಚಿಕೊಳ್ಳುತ್ತಾರೆ ಕೂಡ. ಆದರೆ ಕಣ್ಣುಮುಚ್ಚಿ ಹಾಕಿಕೊಂಡರೆ ಜಾಸ್ತಿ ಪೆಟ್ಟು ಬೀಳೋದು ಅಮಾಯಕರಿಗೆ. ಒಂದು ಸರ್ವರ್ ಮೇಲೆ ಎರಡು ಥರ ಕ್ರಮ ತೆಗೆದುಕೊಳ್ಳಬಹುದು. ಒಂದು, ಮಿತಿ ಹಾಕೋದು. ಆಗ ಅಲ್ಲಿನವರನ್ನು ಫಾಲೋ ಮಾಡುವವರಿಗೆ ಪೋಸ್ಟ್ ಕಾಣುತ್ತದೆ, ಉಳಿದವರಿಗೆ ಮರೆ. ಎರಡನೆಯದು ಪೂರ್ತಿ ಕಡಿದುಹಾಕೋದು. ಕಡಿದರೆ ಎರಡೂ ಕಡೆಯವರ ಫಾಲೋ ಸಂಬಂಧ ಮುರಿದುಬೀಳುತ್ತದೆ. ಮುಂದೆ ತಪ್ಪಾಯಿತು ಅಂತ ಮತ್ತೆ ತೆರೆದರೂ ಅದು ತಾನಾಗಿ ವಾಪಸ್ ಬರಲ್ಲ. ಇಪ್ಪತ್ತು ಜನ ನೆಮ್ಮದಿಯಾಗಿ ಹಕ್ಕಿ ಫೋಟೋ ಹಾಕಿಕೊಂಡಿದ್ದ ಒಂದು ಸರ್ವರ್ ಇದೆ ಅಂದುಕೊಳ್ಳಿ. ಅಲ್ಲಿ ಒಂದು ರಾತ್ರಿ ಸ್ಪ್ಯಾಮ್ ಖಾತೆಗಳು ಹುಟ್ಟಿದವು ಅಂತ ಆ ಇಪ್ಪತ್ತೂ ಜನರನ್ನು ಗೆಳೆಯರಿಂದ ಕಡಿದುಹಾಕೋದು ನ್ಯಾಯ ಅಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಮೊದಲು ಮಿತಿ ಹಾಕಲಿ, ಅಡ್ಮಿನ್‌ಗೆ ಬರೆಯಲಿ, ಕೆಲವು ದಿನ ಕಾಯಲಿ. ಸ್ಪ್ಯಾಮ್‌ಗೆ ಅಂತಲೇ ಕಟ್ಟಿದ ಸರ್ವರ್ ಆದರೆ ಮಾತ್ರ ಕಡಿದುಹಾಕೋಕೆ ಮರುಯೋಚನೆ ಬೇಡ.

ಪ್ರಶ್ನೆ: ನಮ್ಮ ಓದುಗರ ಬಳಗಕ್ಕೆ ಒಂದು ಪುಟ್ಟ ಕನ್ನಡ ಸರ್ವರ್ ಮಾಡೋಣ ಅಂತಿದ್ದೇವೆ. ಧೈರ್ಯ ಸಾಲುತ್ತಿಲ್ಲ.
– ಮೈಸೂರಿನ ಗೆಳೆಯರು

ಉತ್ತರ: ಖಂಡಿತ ಮಾಡಿ, ತುಂಬ ಸಂತೋಷ. ಆದರೆ ಒಬ್ಬರೇ ಹೊರಬೇಡಿ. ಕನಿಷ್ಠ ಇಬ್ಬರಾದರೂ ಮಾಡರೇಟರ್ ಇರಲಿ. ಒಬ್ಬರು ಮದುವೆ ಮನೆಗೆ ಹೋದರೂ ಇನ್ನೊಬ್ಬರು ದಿನಕ್ಕೊಮ್ಮೆ ಇಣುಕಿ ನೋಡಲಿ. ಸೇರುವವರಿಗೆಲ್ಲ ಒಪ್ಪಿಗೆ ಬೇಕು ಅಂತಲೇ ಇಡಿ. ಅರ್ಜಿಯಲ್ಲಿ 'ಯಾಕೆ ಸೇರಬೇಕು?' ಅಂತ ಕೇಳುವ ಜಾಗ ಇದೆ. ನಿಮ್ಮ ಬಳಗದವರಿಗೆ ಮಾತ್ರ ಹೊಳೆಯುವ ಪ್ರಶ್ನೆಯನ್ನು ಮೊದಲೇ ತಿಳಿಸಿ, ಅಲ್ಲಿ ಕನ್ನಡದಲ್ಲೇ ಉತ್ತರ ಬರೆಯೋಕೆ ಹೇಳಿ. ಹೋದ ತಿಂಗಳು ಯಾವ ಪುಸ್ತಕ ಓದಿದಿರಿ, ಯಾರ ಮನೆಯಲ್ಲಿ ಸೇರಿದಿರಿ, ಇಂಥದ್ದು. 'ಐ ಲೈಕ್ ಯುವರ್ ಕಮ್ಯುನಿಟಿ' ಅಂತ ಒಂದೇ ಸಾಲು ಬರೆದ ಹತ್ತು ಅರ್ಜಿ ಒಂದೇ ಗಂಟೆಯಲ್ಲಿ ಬಂದರೆ, ಇಮೇಲ್ ವಿಳಾಸದ ಕೊನೆ ಭಾಗ ನೋಡಿ. ಎಲ್ಲದರಲ್ಲೂ ಒಂದೇ ಅಪರಿಚಿತ ಹೆಸರಿದ್ದರೆ ಆ ಡೊಮೇನನ್ನೇ ತಡೆಯಿರಿ.

ಖರ್ಚು ಮೊದಲೇ ಹಂಚಿಕೊಳ್ಳಿ. ಎರಡು ವರ್ಷ ಆದ ಮೇಲೆ ನಡೆಸೋಕೆ ಆಗಲ್ಲ ಅನಿಸಿದರೆ ಸುಮ್ನೆ ಬಿಟ್ಟು ಹೋಗಬೇಡಿ. ಬಳಗದವರಿಗೆ ಮುಂಚೆಯೇ ತಿಳಿಸಿ. ಅವರು ತಮ್ಮ ಫಾಲೋ ಪಟ್ಟಿ ಇಳಿಸಿಕೊಂಡು ಬೇರೆ ಸರ್ವರ್‌ಗೆ ಹೋಗಲಿ. ಆಮೇಲೆ ಸರ್ವರ್ ಅನ್ನು ವಿಧಿ ಪ್ರಕಾರ ಮುಚ್ಚಿ. ಅದಕ್ಕೆ ಸಾಫ್ಟ್‌ವೇರ್‌ನಲ್ಲೇ ಒಂದು ಆದೇಶ ಇದೆ. ಅದನ್ನು ಕೊಟ್ಟರೆ ನಿಮ್ಮ ಸರ್ವರ್‌ನ ಖಾತೆಗಳನ್ನು ಅಳಿಸಿಬಿಡಿ ಅಂತ ಉಳಿದ ಸರ್ವರ್‌ಗಳಿಗೆ ಸುದ್ದಿ ಹೋಗುತ್ತದೆ. ಆ ಸುದ್ದಿ ಎಲ್ಲ ಕಡೆ ಮುಟ್ಟುವವರೆಗೆ ಮಾತ್ರ ಕಂಪ್ಯೂಟರ್ ಆಫ್ ಮಾಡಬೇಡಿ.