ದೇಹವೇ ತಯಾರಿಸುವ ಸ್ಟೀರಾಯ್ಡ್ ಹಾರ್ಮೋನಾದ ಕಾರ್ಟಿಸಾಲ್ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವುದಾದರೆ ಕೋವಿಡ್ ನ್ಯುಮೋನಿಯಾಕ್ಕೆ ಸ್ಟೀರಾಯ್ಡ್ ಕೊಟ್ಟಿದ್ದೇಕೆ?

ಎಲ್ಲರಿಗೂ ಕೊಡುವಂಥದ್ದಲ್ಲ, ಯಾವ ಹಂತದಲ್ಲಿ ಎಂಬುದೇ ಮುಖ್ಯ. ಸೋಂಕು ಬಲಿತಾಗ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಹೆಚ್ಚು ಕಾರ್ಟಿಸಾಲ್ ಸ್ರವಿಸುತ್ತದೆ. ಅದು ಬಿಳಿ ರಕ್ತಕಣಗಳ ಒಳಹೊಕ್ಕು, ಉರಿಯೂತ ಹೆಚ್ಚಿಸುವ ಸೈಟೊಕೈನ್‌ಗಳೆಂಬ ಸಂದೇಶವಾಹಕ ಪ್ರೋಟೀನುಗಳ ತಯಾರಿಕೆಗೆ ಕಡಿವಾಣ ಹಾಕುತ್ತದೆ. ಆ ಕಡಿವಾಣ ಸಾಲದಾದರೆ ಉರಿಯೂತ ಮಿತಿಮೀರಿ, ಶ್ವಾಸಕೋಶದ ಗಾಳಿಚೀಲಗಳಲ್ಲಿ ದ್ರವ ತುಂಬಿ, ಆಮ್ಲಜನಕ ರಕ್ತಕ್ಕೆ ದಾಟುವುದೇ ಕಷ್ಟವಾಗುತ್ತದೆ.

ಕೃತಕ ಸ್ಟೀರಾಯ್ಡ್ ಔಷಧವಾದ ಡೆಕ್ಸಾಮೆಥಾಸೋನ್ ಮಾಡುವುದೂ ಕಾರ್ಟಿಸಾಲಿನ ಕೆಲಸವನ್ನೇ, ಇನ್ನೂ ಬಿಗಿಯಾಗಿ. 2020ರ ಬ್ರಿಟನ್ನಿನ ‘ರಿಕವರಿ’ ಎಂಬ ಔಷಧ ಪ್ರಯೋಗದಲ್ಲಿ ಇದನ್ನು ದಿನಕ್ಕೆ 6 ಮಿಲಿಗ್ರಾಂ ಪಡೆದ ವೆಂಟಿಲೇಟರ್ ರೋಗಿಗಳ ಸಾವು ಸುಮಾರು ಮೂರನೇ ಒಂದರಷ್ಟು ಇಳಿಯಿತು. ಆಮ್ಲಜನಕವೇ ಬೇಕಿಲ್ಲದವರಿಗೆ ಪ್ರಯೋಜನ ಕಾಣಲಿಲ್ಲ. ವೈರಾಣು ಇನ್ನೂ ಹೆಚ್ಚುತ್ತಿರುವ ಮೊದಲ ದಿನಗಳಲ್ಲಿ ಕೊಟ್ಟರಂತೂ ದೇಹದ ಹೋರಾಟವೇ ಸಡಿಲವಾಗಬಹುದು. ಮೇಲಾಗಿ ಸ್ಟೀರಾಯ್ಡ್ ರಕ್ತದ ಸಕ್ಕರೆಯನ್ನೂ ಏರಿಸುತ್ತದೆ. 2021ರಲ್ಲಿ ಕಪ್ಪು ಶಿಲೀಂಧ್ರ ಹೆಚ್ಚಾಗಿ ಕಾಡಿದ್ದು ಮಧುಮೇಹಿಗಳನ್ನು ಮತ್ತು ಸ್ಟೀರಾಯ್ಡ್ ಪಡೆದವರನ್ನು.