ನೀಗ್ರೊಸ್‌ನ ಬಿಷಪ್ಪರು ಮತ್ತು ಸತ್ತ ಕಾಲದ ಲೆಕ್ಕ

ಹೋದ ಸಂಚಿಕೆಯಲ್ಲಿ ಸಕ್ಕರೆ ಬೆಲೆಯ ಬಗ್ಗೆ ಉತ್ತರ ಬರೆಯುವಾಗ ಫಿಲಿಪ್ಪೀನ್ಸ್‌ನ ಬಿಷಪ್ ಅಂತೊನಿಯೊ ಫೋರ್ಟಿಚ್ ಅವರ ಹೆಸರನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆ. ಅದಕ್ಕೇ ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಅವರದ್ದೇ ವಿಚಾರ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಎತ್ತಿಟ್ಟಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ಕೆಲವು ವರ್ಷ ಮನಿಲಾದಲ್ಲಿ ಲೆಕ್ಕಪತ್ರದ ಕೆಲಸ ಮಾಡಿದವಳು. ಆಗ ಎರಡು ಸಲ ನೀಗ್ರೊಸ್ ದ್ವೀಪಕ್ಕೆ ಹೋಗಿ ಬಂದಿದ್ದೆ. ಧರ್ಮಶಾಸ್ತ್ರ ನನಗೆ ಗೊತ್ತಿಲ್ಲ, ಲೆಕ್ಕ ಗೊತ್ತು. ಉತ್ತರಗಳಲ್ಲೂ ಅದೇ ವಾಸನೆ ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ.

ಪ್ರಶ್ನೆ: ಯಾರು ಮೇಡಂ ಈ ಫೋರ್ಟಿಚ್? ಒಂದು ಸಾಲಿನಲ್ಲಿ ಮುಗಿಸಿಬಿಟ್ಟಿರಲ್ಲ! (ಪದವಿ ವಿದ್ಯಾರ್ಥಿನಿ)

ತಪ್ಪಾಯ್ತಮ್ಮ. ಅವರು ಹುಟ್ಟಿದ್ದು 1913ರಲ್ಲಿ, ನೀಗ್ರೊಸ್ ದ್ವೀಪದ ಪೂರ್ವ ಭಾಗದ ಸಿಬುಲಾನ್ ಎಂಬ ಊರಿನಲ್ಲಿ. 1944ರಲ್ಲಿ ಪಾದ್ರಿಯಾದರು. 1967ರಲ್ಲಿ ಬಕೋಲೊಡ್‌ನ ಬಿಷಪ್ ಆದರು, 1989ರವರೆಗೂ ಇದ್ದರು. ತೀರಿಕೊಂಡಿದ್ದು 2003ರ ಜುಲೈನಲ್ಲಿ, 89ನೇ ವಯಸ್ಸಿನಲ್ಲಿ.

ಬಕೋಲೊಡ್ ಎಂದರೆ ದ್ವೀಪದ ಪಶ್ಚಿಮ ಪ್ರಾಂತ್ಯದ ರಾಜಧಾನಿ. ನಕ್ಷೆಯಲ್ಲಿ ನೀಗ್ರೊಸ್ ಒಂದು ಕಾಲುಚೀಲದ ಹಾಗೆ ಕಾಣುತ್ತದೆ. ಆ ದೇಶದ ಸಕ್ಕರೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಬರುವುದು ಈ ಪಶ್ಚಿಮ ಪ್ರಾಂತ್ಯದಿಂದಲೇ. 1855ರಲ್ಲಿ ಎದುರು ದಡದ ಇಲೊಯಿಲೊ ಬಂದರು ವಿದೇಶಿ ವ್ಯಾಪಾರಕ್ಕೆ ತೆರೆದುಕೊಂಡಿತು. ಆಮೇಲೆ ಇಲ್ಲಿ ಕಾಡು ಕಡಿದು ಕಬ್ಬು ನೆಟ್ಟರು. ಕೆಲವೇ ಕುಟುಂಬಗಳ ಕೈಗೆ ದೊಡ್ಡ ದೊಡ್ಡ ಎಸ್ಟೇಟುಗಳು ಬಂದವು. ಎಸ್ಟೇಟಿಗೆ ಅಲ್ಲಿ ಹಸಿಯೆಂಡಾ ಅನ್ನುತ್ತಾರೆ, ಅದರ ಒಡೆಯ ಹಸಿಯೆಂಡೇರೊ. ಉಳಿದವರೆಲ್ಲ ಕೂಲಿಗಳು. ಈ ದ್ವೀಪವನ್ನು ಫೋರ್ಟಿಚ್ ಕರೆದದ್ದು 'ಸಾಮಾಜಿಕ ಜ್ವಾಲಾಮುಖಿ' ಎಂದು. ಅಲ್ಲಿ ಕಾನ್‌ಲಾವೊನ್ ಎಂಬ ನಿಜವಾದ ಜ್ವಾಲಾಮುಖಿಯೂ ಇದೆ. ಹಾಗಾಗಿ ಕೇಳಿದವರಿಗೆ ಬಿಡಿಸಿ ಹೇಳುವ ಅಗತ್ಯವೇ ಇರಲಿಲ್ಲ.

ಪ್ರಶ್ನೆ: 'ಸತ್ತ ಕಾಲ' ಎಂದು ಬರೆದಿದ್ದಿರಿ. ಹಾಗಂದರೇನು? (ಗೃಹಿಣಿಯೊಬ್ಬರು)

ಸ್ಪ್ಯಾನಿಷ್‌ನಲ್ಲಿ ತಿಯೆಂಪೊ ಮುಯೆರ್ತೊ. ಕಬ್ಬು ಕಡಿದು ಅರೆಯುವ ಹಂಗಾಮು ಹೆಚ್ಚು ಕಡಿಮೆ ಅಕ್ಟೋಬರ್‌ನಿಂದ ಏಪ್ರಿಲ್–ಮೇವರೆಗೆ. ಅದು ಮುಗಿಯಿತೋ, ಮುಂದಿನ ಕಟಾವಿನ ತನಕ ಕೆಲಸ ಇಲ್ಲ ಅಥವಾ ಇದ್ದೂ ಇಲ್ಲದ ಹಾಗೆ. ಕೆಲಸ ಇಲ್ಲ ಎಂದರೆ ಕೂಲಿ ಇಲ್ಲ. ಕಬ್ಬು ಮಾತ್ರ ಹೊಲದಲ್ಲಿ ತನ್ನ ಪಾಡಿಗೆ ಬೆಳೆಯುತ್ತಿರುತ್ತದೆ. ಅಲ್ಲಿನ ಜನ ತಮ್ಮ ಹಿಲಿಗೈನೊನ್ ಭಾಷೆಯಲ್ಲಿ ಇದಕ್ಕೆ 'ತಿಗ್‌ಕಿರಿವಿ' ಅನ್ನುತ್ತಾರೆ. ಮುಖ ಸೊಟ್ಟಗಾಗುವ ಕಾಲ ಎಂದರ್ಥ. ಅಳುವ ಮೊದಲು ಮಗುವಿನ ಬಾಯಿ ಒಂದು ಕಡೆಗೆ ಎಳೆದುಕೊಳ್ಳುತ್ತದಲ್ಲ, ಹಾಗೆ.

ನಾನು ಮೊದಲ ಸಲ ಹೋದದ್ದು ಒಂದು ಆಗಸ್ಟ್ ತಿಂಗಳಲ್ಲಿ. ನೋಡಿದಲ್ಲೆಲ್ಲ ಹಸಿರೋ ಹಸಿರು. ಇಷ್ಟು ಹಸಿರಿನ ನಡುವೆ ಹಸಿವು ಎಂದರೆ ಯಾರು ನಂಬುತ್ತಾರೆ? ಪರಿಚಯದವರೊಬ್ಬರು ಒಂದು ಹಸಿಯೆಂಡಾದ ಕೂಲಿ ಲೈನಿನ ಮನೆಗೆ ಕರೆದುಕೊಂಡು ಹೋದರು. ಬಿದಿರಿನ ಗೋಡೆ, ತಗಡಿನ ಮಾಡು. ಬಾಗಿಲ ಹಿಂದೆ ಎಸ್ಪಾಡಿಂಗ್, ಅಂದರೆ ಕಬ್ಬು ಕಡಿಯುವ ಕತ್ತಿ, ಬಟ್ಟೆ ಸುತ್ತಿಟ್ಟಿದ್ದರು. ನಾನು ಲೆಕ್ಕದವಳು ಎಂದು ಗೊತ್ತಾದ ಕೂಡಲೇ ಆ ಮನೆಯ ಅಜ್ಜಿ ಒಳಗಿಂದ ಒಂದು ನೋಟ್‌ಬುಕ್ ತಂದು ಕೊಟ್ಟರು. ತೀರಿಹೋದ ಗಂಡನ ಸಾಲದ ಪುಸ್ತಕ ಅದು. ಹಸಿಯೆಂಡಾದೊಳಗೇ ಇರುವ ಅಂಗಡಿಗೆ ಕಾಂತಿನಾ ಅನ್ನುತ್ತಾರೆ, ಅಲ್ಲಿಂದ ತಂದ ಸಾಮಾನಿನ ಲೆಕ್ಕ. ಪೆನ್ಸಿಲ್ ಬರಹ, ಅರ್ಧ ಅಳಿಸಿಹೋಗಿತ್ತು. ಅಕ್ಕಿ. ಒಣಮೀನು. ಸೀಮೆಎಣ್ಣೆ. ಅಕ್ಕಿ. ಗಿನಾಮೊಸ್, ಅಂದರೆ ಉಪ್ಪಿನಲ್ಲಿ ಕಳಿಸಿದ ಸೀಗಡಿಯ ಪೇಸ್ಟು. ಮಾತ್ರೆ. ಮತ್ತೆ ಅಕ್ಕಿ. ಅಕ್ಟೋಬರ್ ಬಂದ ಮೇಲೆ ಎದುರು ಪುಟದಲ್ಲಿ ಕೂಲಿಯಿಂದ ಮುರಿದುಕೊಂಡದ್ದು.

ನಾನು ಅಭ್ಯಾಸಬಲದಿಂದ ಕೊನೆಯ ಬಾಕಿ ಎಷ್ಟು ಎಂದು ಹುಡುಕಿದೆ. ಎಲ್ಲೂ ಇರಲಿಲ್ಲ. ಹತ್ತು ವರ್ಷಗಳ ಪುಸ್ತಕ, ಒಂದು ಸಲವೂ ಮೊತ್ತ ಹಾಕಿರಲಿಲ್ಲ. ನಾನು ನೋಡಿದ ಎಷ್ಟೋ ಕಳ್ಳಲೆಕ್ಕಗಳಲ್ಲಿ ಅಂಕಿ ತಪ್ಪಿರುತ್ತಿತ್ತು. ಇಲ್ಲಿ ಅಂಕಿಗಳು ಸರಿಯಾಗಿಯೇ ಇದ್ದವು, ಗೆರೆ ಎಳೆದು ಮುಗಿಸಿದ್ದು ಮಾತ್ರ ಇರಲಿಲ್ಲ. ಮುಗಿಸಿದರೆ ಆ ಮನುಷ್ಯ ಬೇರೆ ಕಡೆ ಹೋಗಬಹುದಿತ್ತು, ಅಲ್ವಾ?

ಇವರಾದರೂ ಹಸಿಯೆಂಡಾದಲ್ಲೇ ನೆಲೆಸಿದವರು. ಪಕ್ಕದ ಪನಾಯ್ ದ್ವೀಪದಿಂದ ಕಟಾವಿಗೆ ಮಾತ್ರ ಬರುವ ಸಕಾಡಗಳ ಪಾಡು ಇನ್ನೂ ಕಷ್ಟ. ಅವರನ್ನು ಕರೆತರುವ ಮೇಸ್ತ್ರಿ ಊರಿನಲ್ಲೇ ಮುಂಗಡ ಕೊಟ್ಟಿರುತ್ತಾನೆ. ಬಂದು ಇಳಿಯುವಾಗಲೇ ಸಾಲಗಾರರು.

ಪ್ರಶ್ನೆ: ಕೂಲಿಗಳ ಪರವಾಗಿ ಕಾನೂನೇ ಇರಲಿಲ್ಲವೇ? (ವಕೀಲರೊಬ್ಬರು)

ಇತ್ತು ಸಾರ್. 1952ರ ಗಣರಾಜ್ಯ ಕಾಯ್ದೆ 809. ಕಾರ್ಖಾನೆಗೂ ಬೆಳೆಗಾರರಿಗೂ ಸಕ್ಕರೆ ಹೇಗೆ ಹಂಚಿಕೆಯಾಗಬೇಕು ಎಂದು ಅದರಲ್ಲಿತ್ತು. ಬೆಳೆಗಾರರಿಗೆ ಜಾಸ್ತಿಯಾಗಿ ಸಿಗುವ ಪಾಲಿನಲ್ಲಿ ಶೇ 60 ಕೂಲಿಗಳಿಗೆ ಹೋಗಬೇಕು ಎಂದೂ ಇತ್ತು. ಓದಿದರೆ ಕಣ್ಣು ತುಂಬಿ ಬರುತ್ತದೆ, ಅಷ್ಟು ಚೆನ್ನಾಗಿದೆ. ಆ ಅಜ್ಜಿಯ ಪುಸ್ತಕದಲ್ಲಿ ಆ ಹೆಸರಿನ ಒಂದು ಜಮೆಯೂ ನನಗೆ ಕಾಣಲಿಲ್ಲ.

ಪ್ರಶ್ನೆ: ಚರ್ಚಿಗೆ ದೊಡ್ಡ ದೇಣಿಗೆ ಕೊಡುತ್ತಿದ್ದವರೇ ಜಮೀನ್ದಾರರಲ್ಲವೇ? ಬಿಷಪ್ಪರು ಅವರನ್ನು ಎದುರು ಹಾಕಿಕೊಂಡರು ಎಂದರೆ ನಂಬುವುದು ಕಷ್ಟ. (ನಿವೃತ್ತ ಶಿಕ್ಷಕರು)

ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಫೋರ್ಟಿಚ್ ಮೊದಲ ದಿನವೇ ಬಾವುಟ ಹಿಡಿದು ಹೊರಟವರಲ್ಲ. ಹಸಿಯೆಂಡೇರೊಗಳು ಅವರಿಗೆ ಚೆನ್ನಾಗಿ ಪರಿಚಯವಿದ್ದವರು. ಅವರು ಮಾಡಿದ ಮೊದಲ ದೊಡ್ಡ ಕೆಲಸವೇ ಒಬ್ಬ ಬೆಳೆಗಾರರ ಜೊತೆ ಸೇರಿ. ಅವರು ಬೆಂಜಮಿನ್ ಗಾಸ್ತೊನ್. ಕಬಂಕಲಾನ್ ಕಡೆಯ ಬೆಟ್ಟದ ತಪ್ಪಲಲ್ಲಿ ದಕೊಂಗ್‌ಕೊಗೊನ್ ಎಂಬ ಜಾಗ ಇದೆ. ಅಲ್ಲಿ ಸಣ್ಣ ರೈತರು ಸೇರಿ ತಮ್ಮದೇ ಸಹಕಾರಿ ಸಕ್ಕರೆ ಕಾರ್ಖಾನೆ ಕಟ್ಟುವ ಹಾಗೆ ಇವರಿಬ್ಬರೂ ನಿಂತು ಮಾಡಿಸಿದರು. 1973ರಲ್ಲಿ ಸಾರ್ವಜನಿಕ ಸೇವೆಗಾಗಿ ರಾಮೋನ್ ಮ್ಯಾಗ್ಸೆಸೆ ಪ್ರಶಸ್ತಿ ಇಬ್ಬರಿಗೂ ಜಂಟಿಯಾಗಿ ಬಂತು.

ಕಾರ್ಖಾನೆ ಯಾಕೆ ಎಂದು ಕೇಳಬಹುದು. ಬಿಷಪ್ಪರು ಅಕ್ಕಿ ಹಂಚಿದ್ದರೆ ಸಾಕಿತ್ತಲ್ಲ? ಕಬ್ಬು ಕಡಿದ ಮೇಲೆ ಬೇಗ ಅರೆಯದಿದ್ದರೆ ಸಕ್ಕರೆ ಅಂಶ ಇಳಿಯುತ್ತದೆ. ಕಾರ್ಖಾನೆ ಯಾರದ್ದೋ, ಬೆಲೆ ಹೇಳುವವನೂ ಅವನೇ. ನೆಲ ಎಷ್ಟಿದ್ದರೂ ಗಿರಣಿ ಇಲ್ಲದ ಸಣ್ಣ ರೈತ ಅದರ ಗೇಟಿನಲ್ಲಿ ಕೈಕಟ್ಟಿ ನಿಲ್ಲಬೇಕು. ಇದು ಅರ್ಥವಾದ ಪಾದ್ರಿಗಳು ಕಡಿಮೆ. ನನ್ನ ಮಟ್ಟಿಗೆ ಫೋರ್ಟಿಚ್ ದೊಡ್ಡವರಾಗುವುದು ಇಲ್ಲಿ. ಅವರ ಭಾಷಣಗಳನ್ನು ಹೊಗಳುವವರು ಬೇಕಾದಷ್ಟು ಜನ ಇದ್ದಾರೆ.

ಆದರೆ ಬೆಳೆಗಾರರ ಜೊತೆಗಿನ ಆ ಸ್ನೇಹ ಬಹಳ ದಿನ ಹಾಗೇ ಉಳಿಯಲಿಲ್ಲ. 1971ರಲ್ಲಿ ಕೆಲವು ಪಾದ್ರಿಗಳು ಮುಂದೆ ನಿಂತು ಸಕ್ಕರೆ ಕಾರ್ಮಿಕರ ರಾಷ್ಟ್ರೀಯ ಒಕ್ಕೂಟ ಕಟ್ಟಿದರು. ಬಿಷಪ್ಪರು ಅವರ ಬೆನ್ನಿಗೆ ನಿಂತರು. 1972ರ ಸೆಪ್ಟೆಂಬರ್‌ನಲ್ಲಿ ದೇಶದ ಅಧ್ಯಕ್ಷ ಮಾರ್ಕೊಸ್ ಸೇನಾ ಕಾನೂನು ಹೇರಿದರು. ಡಯಾಸಿಸ್‌ನ, ಅಂದರೆ ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರದೇಶದ, ಸಮಾಜಸೇವಾ ವಿಭಾಗ ನೋಡಿಕೊಳ್ಳುತ್ತಿದ್ದ ಪಾದ್ರಿ ಲೂಯಿಸ್ ಹಲಾಂದೊನಿ, ತಾವೇ ಜಮೀನ್ದಾರ ಮನೆತನದವರು, ಭೂಗತ ಚಳವಳಿಗೆ ಸೇರಿ 1973ರಲ್ಲಿ ಸಿಕ್ಕಿಬಿದ್ದರು. ಬಿಷಪ್ಪರೇ ಹುಡುಗರನ್ನು ಕೆಡಿಸಿದರು ಅನ್ನುವ ಮಾತು ಶುರುವಾಯಿತು. ಆದರೂ ಅವರು ತಮ್ಮ ಪಾದ್ರಿಗಳನ್ನು ಹಳ್ಳಿಗಳಿಂದ ವಾಪಸ್ ಕರೆಸಿಕೊಳ್ಳಲಿಲ್ಲ.

ಪ್ರಶ್ನೆ: ನೇರವಾಗಿ ಹೇಳಿ, ಅವರು ಕಮ್ಯುನಿಸ್ಟರೇ? (ಹೆಸರು ಬೇಡ ಎಂದಿದ್ದಾರೆ)

ಅಲ್ಲ. ಹಾಗೆ ಕರೆಯುತ್ತಿದ್ದವರು ಮಾತ್ರ ತುಂಬಾ ಜನ. 'ಕಮಾಂಡರ್ ಟೋನಿ' ಎಂದು ಅಡ್ಡಹೆಸರನ್ನೇ ಇಟ್ಟಿದ್ದರು.

ಒಂದು ಪ್ರಕರಣ ಹೇಳುತ್ತೇನೆ. 1980ರಲ್ಲಿ ಕಬಂಕಲಾನ್‌ನಲ್ಲಿ ಕೆಲವು ರೈತರು ಕಾಣೆಯಾದರು. ಅವರ ಹೆಣಗಳು ಸಿಕ್ಕಿದ್ದು ಅಲ್ಲಿನ ಮೇಯರ್ ಪಾಬ್ಲೊ ಸೊಲಾ ಅವರ ಹಸಿಯೆಂಡಾದಲ್ಲಿ. ಮೇಯರ್ ಮೇಲೆ ಕೊಲೆ ಆರೋಪ ಬಂತು. 1982ರ ಮಾರ್ಚ್‌ನಲ್ಲಿ ಆ ಮೇಯರನ್ನೇ ದಾರಿಯಲ್ಲಿ ಹೊಂಚು ಹಾಕಿ ಕೊಂದರು. ಕೊಂದವರು ನಾವೇ ಎಂದು ಕಮ್ಯುನಿಸ್ಟ್ ಬಂಡುಕೋರರ ನ್ಯೂ ಪೀಪಲ್ಸ್ ಆರ್ಮಿ ಹೇಳಿಕೊಂಡಿತು. ಆದರೂ ಮೊಕದ್ದಮೆ ಬಿದ್ದದ್ದು ಮೂವರು ಪಾದ್ರಿಗಳು ಮತ್ತು ಅವರ ಜೊತೆಗಿದ್ದ ಆರು ಜನರ ಮೇಲೆ. ಪಾದ್ರಿಗಳಲ್ಲಿ ಬ್ರಯಾನ್ ಗೋರ್ ಆಸ್ಟ್ರೇಲಿಯಾದವರು, ನೀಲ್ ಓಬ್ರಯನ್ ಐರ್ಲೆಂಡಿನವರು, ವಿಸೆಂತೆ ದಾಂಗಾನ್ ಅಲ್ಲಿಯವರೇ. ಇವರು 'ನೀಗ್ರೊಸ್ ನೈನ್', ಅಂದರೆ ನೀಗ್ರೊಸ್‌ನ ಒಂಬತ್ತು ಜನ, ಎಂದು ಪ್ರಪಂಚಕ್ಕೆಲ್ಲ ಗೊತ್ತಾದರು. ಪಾದ್ರಿಗಳಿಗೆ ಗೃಹಬಂಧನದ ಅನುಕೂಲ ಸಿಕ್ಕಿತ್ತು. ಅವರು ಅದನ್ನು ಬಿಟ್ಟು ಉಳಿದ ಆರು ಜನರ ಜೊತೆ ಬಕೋಲೊಡ್ ಜೈಲಿಗೇ ಹೋದರು. 1984ರ ಜುಲೈನಲ್ಲಿ ಪ್ರಕರಣ ಬಿದ್ದುಹೋಯಿತು. ಇಷ್ಟೂ ದಿನ ಫೋರ್ಟಿಚ್ ಈ ಒಂಬತ್ತು ಜನರ ಪರವಾಗಿಯೇ ನಿಂತಿದ್ದರು.

ಹಾಗಂತ ಬಂದೂಕಿನ ದಾರಿಯನ್ನು ಅವರು ಒಪ್ಪಿದವರಲ್ಲ. ಮಾರ್ಕೊಸ್ ಹೋಗಿ ಕೊರಾಜೋನ್ ಅಕಿನೊ ಅಧ್ಯಕ್ಷೆಯಾಗಿ ಬಂದ ಮೇಲೆ, 1986ರ ಡಿಸೆಂಬರ್ 10ರಿಂದ ಸರಕಾರಕ್ಕೂ ಬಂಡುಕೋರರಿಗೂ 60 ದಿನಗಳ ಕದನವಿರಾಮವಾಯಿತು. ಅದನ್ನು ನೋಡಿಕೊಳ್ಳುವ ರಾಷ್ಟ್ರೀಯ ಸಮಿತಿಗೆ ಯಾರನ್ನು ಕೂರಿಸಿದರು ಗೊತ್ತೇ? ಇದೇ 'ಕಮಾಂಡರ್ ಟೋನಿ'ಯನ್ನು. ಎರಡೂ ಕಡೆಯವರು ಒಪ್ಪುವ ಮನುಷ್ಯ ಬೇಕಿತ್ತು. ಎರಡೂ ಕಡೆಯಿಂದ ಬೈಸಿಕೊಂಡವರೇ ಆ ಕೆಲಸಕ್ಕೆ ಸರಿ ಅನ್ನಿಸುತ್ತದೆ.

ಪ್ರಶ್ನೆ: ಬಿಷಪ್ಪರು ಅರಮನೆಯಲ್ಲಿ ಇದ್ದುಕೊಂಡು ಬಡವರ ಬಗ್ಗೆ ಮಾತಾಡಿದರೆ ಏನು ಬಂತು? (ಓದುಗರೊಬ್ಬರು, ಸ್ವಲ್ಪ ಸಿಟ್ಟಿನಲ್ಲಿ)

1985ರ ಜನವರಿಯಲ್ಲಿ ಆ ಅರಮನೆ ಸುಟ್ಟುಹೋಯಿತು ಸ್ವಾಮಿ. ಯಾರೋ ಬೇಕೆಂದೇ ಬೆಂಕಿ ಇಟ್ಟರು ಅನ್ನುವ ಗುಮಾನಿ ಆಗಲೂ ಇತ್ತು, ಈಗಲೂ ಇದೆ. 1987ರಲ್ಲಿ ಅವರು ಇದ್ದ ಕಡೆಗೆ ಗ್ರೆನೇಡ್ ಎಸೆದರು. ಅದೃಷ್ಟಕ್ಕೆ ಅವರಿಗೆ ಏನೂ ಆಗಲಿಲ್ಲ.

ಪ್ರಶ್ನೆ: 1985ರ ಕ್ಷಾಮದ ಬಗ್ಗೆ ಚಿಕ್ಕಂದಿನಲ್ಲಿ ಪತ್ರಿಕೆಯಲ್ಲಿ ಓದಿದ ನೆನಪು. ಮಳೆ ಹೋಗಿತ್ತೇ? (ಬ್ಯಾಂಕ್ ಉದ್ಯೋಗಿ)

ಮಳೆ ಸರಿಯಾಗಿಯೇ ಬಂದಿತ್ತು. ಹೋದದ್ದು ಬೆಲೆ. ನಿಮ್ಮದು ಬ್ಯಾಂಕ್ ಅಂದಿರಿ, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಅಮೆರಿಕ ಒಂದು ಒಪ್ಪಂದದ ಪ್ರಕಾರ ಫಿಲಿಪ್ಪೀನ್ಸ್‌ನ ಸಕ್ಕರೆಯನ್ನು ಒಳ್ಳೆಯ ದರಕ್ಕೆ ಕೊಳ್ಳುತ್ತಿತ್ತು. ಆ ಒಪ್ಪಂದ 1974ರಲ್ಲಿ ಮುಗಿಯಿತು. ಅದೇ ವರ್ಷ ಪ್ರಪಂಚದ ಮಾರುಕಟ್ಟೆಯಲ್ಲಿ ಸಕ್ಕರೆ ದರ ಪೌಂಡಿಗೆ 60 ಸೆಂಟ್ ದಾಟಿ ಏರಿತ್ತು. ಹಾಗಾಗಿ ಯಾರಿಗೂ ಚಿಂತೆ ಇರಲಿಲ್ಲ. ಆಮೇಲೆ ದರ ಜಾರಿತು. ಸಕ್ಕರೆ ವ್ಯಾಪಾರವನ್ನೆಲ್ಲ ಮಾರ್ಕೊಸ್ ಅವರ ಕಾಲೇಜು ಗೆಳೆಯ ರೊಬೆರ್ತೊ ಬೆನೆದಿಕ್ತೊ ಅವರ ಕೈಗೆ ಕೊಟ್ಟರು. ಬೆಳೆಗಾರ ಅವರ ಸಂಸ್ಥೆಗೇ ಮಾರಬೇಕು, ಅವರು ಹೇಳಿದ ದರಕ್ಕೆ, ಅವರು ಕೊಟ್ಟಾಗ ದುಡ್ಡು. 1985ರ ಹೊತ್ತಿಗೆ ಪ್ರಪಂಚದ ದರ ಪೌಂಡಿಗೆ 3 ಸೆಂಟಿನ ಆಸುಪಾಸಿಗೆ ಬಂದಿತ್ತು. ಬೆಳೆಗಾರರು ಕಬ್ಬು ನೆಡುವುದನ್ನೇ ಬಿಟ್ಟರು. ಸತ್ತ ಕಾಲಕ್ಕೆ ಕೊನೆಯೇ ಇಲ್ಲವಾಯಿತು. ಎಲುಬು ಕಾಣುವ ಮಕ್ಕಳ ಚಿತ್ರಗಳು ಪತ್ರಿಕೆಗಳಲ್ಲಿ ಬಂದದ್ದು ಆಗಲೇ. ಅದೇ ವರ್ಷದ ಸೆಪ್ಟೆಂಬರ್ 20ರಂದು ಎಸ್ಕಲಾಂತೆ ಪಟ್ಟಣದಲ್ಲಿ ಪ್ರತಿಭಟನೆಗೆ ಕೂತವರ ಮೇಲೆ ಗುಂಡು ಹಾರಿಸಿ 20 ಜನರನ್ನು ಕೊಂದರು.

ಇಲ್ಲಿ ಒಂದು ವಿಚಿತ್ರ ಇದೆ. ಬೆನೆದಿಕ್ತೊ ಅವರಿಂದ ಹಸಿಯೆಂಡೇರೊಗಳೂ ಮುಳುಗಿದರು. ಹಿಂದೆ ಬಿಷಪ್ಪರನ್ನು ಬೈದವರಲ್ಲೇ ಕೆಲವರು ಆಗ ಮಾರ್ಕೊಸ್ ವಿರುದ್ಧ ಬೀದಿಗಿಳಿದರು.

ಪ್ರಶ್ನೆ: ನಾವು ಮುಂದಿನ ವರ್ಷ ಫಿಲಿಪ್ಪೀನ್ಸ್ ಪ್ರವಾಸ ಹೋಗುತ್ತಿದ್ದೇವೆ. ಬಕೋಲೊಡ್‌ನಲ್ಲಿ ನೋಡುವಂಥದ್ದು ಏನಿದೆ? (ದಂಪತಿ)

ಸಂತ ಸೆಬಾಸ್ಟಿಯನ್ನರ ಕ್ಯಾಥೆಡ್ರಲ್ ನೋಡಿ. ಹವಳದ ಕಲ್ಲಿನ ಗೋಡೆಗಳು, 1880ರ ದಶಕದ ಕಟ್ಟಡ. ಫೋರ್ಟಿಚ್ 22 ವರ್ಷ ಬಲಿಪೂಜೆ ಮಾಡಿದ್ದು ಅಲ್ಲೇ. 1981ರ ಫೆಬ್ರವರಿಯಲ್ಲಿ ಪೋಪ್ ಎರಡನೇ ಜಾನ್ ಪೌಲ್ ಈ ಊರಿಗೆ ಬಂದು ಸಕ್ಕರೆ ಕೂಲಿಗಳ ಪರವಾಗಿ ಮಾತಾಡಿದ್ದರು.

ಜನವರಿಯಲ್ಲಿ ಹೋದರೆ ಕಬ್ಬಿನ ಲಾರಿಗಳ ಹಿಂದೆ ಸಿಕ್ಕಿಹಾಕಿಕೊಂಡು ಊರು ಸೇರುವಾಗ ತಡವಾಗುತ್ತದೆ. ಗಾಳಿಯಲ್ಲಿ ಬೆಲ್ಲ ಕಾಯಿಸಿದ ವಾಸನೆ ಇರುತ್ತದೆ. ಆಗಸ್ಟ್‌ನಲ್ಲಿ ಹೋದರೆ ರಸ್ತೆ ಖಾಲಿ, ಬೇಗ ತಲುಪುತ್ತೀರಿ. ನನ್ನನ್ನು ಕೇಳಿದರೆ ಆಗಸ್ಟ್‌ನಲ್ಲೇ ಹೋಗಿ. ಕೊಡೆ ಮರೆಯಬೇಡಿ.