ಸೀಟು ಎತ್ತರಿಸಿ, ಗೇರ್ ಇಳಿಸಿ
ಸೈಕಲ್ಲಿನಲ್ಲಿ ಕೆಲಸಕ್ಕೆ ಹೊರಟವರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನಗೆ 41 ವರ್ಷ. ಈವರೆಗೆ ಸೈಕಲ್ ಹತ್ತಿದವಳಲ್ಲ. ಶಾಲೆ ಮನೆಯಿಂದ 3 ಕಿ.ಮೀ. ಯಜಮಾನರು ಹಿಂದೆ ಸೀಟು ಹಿಡಿದು ಓಡಿ ಬರುತ್ತಾರೆ, ಕೈಬಿಟ್ಟ ಕೂಡಲೇ ಬೀಳುತ್ತೇನೆ. ಈ ವಯಸ್ಸಿಗೆ ಬ್ಯಾಲೆನ್ಸ್ ಬರುತ್ತದೆಯೇ?
– ಶಿಕ್ಷಕಿ, ಮೈಸೂರು

ಉತ್ತರ: ಖಂಡಿತ ಬರುತ್ತದೆ. ಮೊದಲು ಸೀಟು ಹಿಡಿಯುವುದನ್ನು ನಿಲ್ಲಿಸಿ. ಸೈಕಲ್ ಯಾವ ಕಡೆ ವಾಲುತ್ತದೋ ಆ ಕಡೆಗೇ ಹ್ಯಾಂಡಲನ್ನು ಚೂರು ತಿರುಗಿಸುವುದೇ ಬ್ಯಾಲೆನ್ಸ್. ಹಿಂದೆ ಒಬ್ಬರು ಸೈಕಲ್ಲನ್ನು ನೆಟ್ಟಗೆ ಹಿಡಿದಿದ್ದರೆ ಅದು ವಾಲುವುದೇ ಇಲ್ಲ, ನಿಮ್ಮ ಕೈಗೆ ಕಲಿಯಲು ಏನೂ ಸಿಗುವುದಿಲ್ಲ.

ಎರಡೂ ಪೆಡಲ್ ಬಿಚ್ಚಿಸಿ. ಬಹುತೇಕ ಸೈಕಲ್ಲುಗಳಿಗೆ 15 ಎಂ.ಎಂ. ಸ್ಪ್ಯಾನರ್ ಸಾಕು. ಎಡ ಪೆಡಲಿನ ಮರೆ (ತಿರುಪಿನ ಸುತ್ತು) ಉಲ್ಟಾ ಇರುತ್ತದೆ. ಸ್ಪ್ಯಾನರ್ ಮೇಲ್ಮುಖವಾಗಿ ನಿಂತಿರುವಾಗ ಹಿಂಚಕ್ರದ ಕಡೆಗೆ ಎಳೆದರೆ ಎರಡೂ ಬಿಚ್ಚಿಕೊಳ್ಳುತ್ತವೆ. ಎರಡೂ ಪಾದ ಪೂರ್ತಿ ನೆಲಕ್ಕೂರುವಷ್ಟು ಸೀಟು ಇಳಿಸಿ. ವಾಹನವಿಲ್ಲದ ಮೈದಾನದಲ್ಲಿ ಕೂತು ನೆಲವನ್ನು ಕಾಲಿಂದ ಒದ್ದು ಜಾರಿ. ದೃಷ್ಟಿ ಮುಂಚಕ್ರದ ಮೇಲಲ್ಲ, ಹತ್ತು ಹೆಜ್ಜೆ ಮುಂದಿರಲಿ. ಕಾಲೆತ್ತಿ ಐದಾರು ಸೆಕೆಂಡ್ ಜಾರುವುದು, ಬ್ರೇಕ್ ಹಿಡಿದು ನಿಲ್ಲುವುದು ಎರಡೂ ಬಂದ ಮೇಲಷ್ಟೇ ಪೆಡಲ್ ಹಾಕಿ. ಹಾಕುವಾಗ ಮೊದಲ ಕೆಲವು ಸುತ್ತು ಬೆರಳಲ್ಲೇ ತಿರುಗಿಸಿ. ಅಡ್ಡಡ್ಡ ಕೂತ ಪೆಡಲನ್ನು ಸ್ಪ್ಯಾನರಿಂದ ಬಿಗಿದರೆ ಕ್ರ್ಯಾಂಕಿನ (ಪೆಡಲ್ ಕೂರುವ ತೋಳಿನ) ಮರೆಯೇ ಕಿತ್ತುಹೋಗುತ್ತದೆ.

ಸೀರೆ, ಚೂಡಿದಾರ್‌ಗೆ ಅಡ್ಡಪೈಪಿಲ್ಲದ ಫ್ರೇಮ್, ಪೂರ್ತಿ ಮುಚ್ಚುವ ಚೈನ್ ಕವರ್, ಹಿಂಚಕ್ರಕ್ಕೆ ಜಾಲರಿ ಇರಲೇಬೇಕು. ದುಪಟ್ಟಾವನ್ನು ಬ್ಯಾಗಿಗೆ ಹಾಕಿ; ಚಕ್ರಕ್ಕೆ ಸಿಕ್ಕಿದರೆ ಅದು ಕುತ್ತಿಗೆಯನ್ನೇ ಎಳೆಯುತ್ತದೆ.

ಪ್ರಶ್ನೆ: ಮನೆಯಿಂದ ಆಫೀಸಿಗೆ 9 ಕಿ.ಮೀ., ನಡುವೆ ಎರಡು ಫ್ಲೈಓವರ್. ಅಂಗಡಿಯವರು ದಪ್ಪ ಟೈರಿನ, ಮುಂದೆ ಹಿಂದೆ ಶಾಕ್ ಅಬ್ಸಾರ್ಬರ್ ಇರುವ ಸೈಕಲ್ ಕೊಳ್ಳಿ, ನಮ್ಮ ಗುಂಡಿಗಳಿಗೆ ಅದೇ ಸರಿ ಅನ್ನುತ್ತಾರೆ.
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಬೇಡ. ಕಡಿಮೆ ಬೆಲೆಯ ಶಾಕ್ ಅಬ್ಸಾರ್ಬರ್ ಸೈಕಲ್ಲಿನ ತೂಕ ಹೆಚ್ಚಿಸುತ್ತದೆ, ಫ್ಲೈಓವರ್ ಏರುವಾಗ ನೀವು ತುಳಿದ ಶಕ್ತಿಯಲ್ಲಿ ಒಂದು ಪಾಲನ್ನು ಕುಣಿದೇ ಕಳೆಯುತ್ತದೆ. ಗುಂಡಿಯ ಪೆಟ್ಟು ತಡೆಯಲು ಟೈರೊಳಗಿನ ಗಾಳಿ ಸಾಕು. ಶಾಕ್ ಇಲ್ಲದ ಗಟ್ಟಿ ಫೋರ್ಕ್ (ಮುಂಚಕ್ರ ಹಿಡಿಯುವ ಕವಲು) ಇರುವ ಹೈಬ್ರಿಡ್ (ರೋಡ್ ಸೈಕಲ್ಲಿಗೂ ಮೌಂಟನ್ ಬೈಕಿಗೂ ನಡುವಿನ ಮಾದರಿ), 35ರಿಂದ 40 ಎಂ.ಎಂ. ಅಗಲದ ಟೈರು, ಹಿಂದೆ 7 ಅಥವಾ 8 ಗೇರ್: ಇಷ್ಟಿದ್ದರೆ ನಿಮ್ಮ ದಾರಿಗೆ ಧಾರಾಳ. ಕ್ಯಾರಿಯರ್, ಮಡ್‌ಗಾರ್ಡ್ ಕೂರಿಸುವ ತೂತುಗಳು ಫ್ರೇಮಿನಲ್ಲಿವೆಯೇ ಎಂದು ಅಂಗಡಿಯಲ್ಲೇ ನೋಡಿ. ಹೊಸಬರು ಇದನ್ನೇ ಮರೆಯುತ್ತಾರೆ, ಮಳೆಗಾಲ ಬಂದಾಗ ಒದ್ದಾಡುತ್ತಾರೆ. ಉಳಿದ ಹಣದಲ್ಲಿ ಹೆಲ್ಮೆಟ್, ಮುಂದಕ್ಕೆ ಬಿಳಿ ದೀಪ, ಹಿಂದಕ್ಕೆ ಕೆಂಪು ದೀಪ, ಯು ಆಕಾರದ ಬೀಗ ಕೊಳ್ಳಿ.

9 ಕಿ.ಮೀ.ಗೆ ಶುರುವಿನಲ್ಲಿ 40–45 ನಿಮಿಷ ಹಿಡಿಯುತ್ತದೆ. ಮೊದಲೊಂದು ಭಾನುವಾರ ದಾರಿಯನ್ನು ತುಳಿದು ನೋಡಿ. ಆಮೇಲೆ ವಾರಕ್ಕೆ ಎರಡೇ ದಿನ, ನಡುವೆ ಬಿಡುವು ಕೊಟ್ಟು ಹೋಗಿ.

ಪ್ರಶ್ನೆ: ಹದಿನೈದು ದಿನದಿಂದ ಸೈಕಲ್ಲಿನಲ್ಲಿ ಬ್ಯಾಂಕಿಗೆ ಹೋಗುತ್ತಿದ್ದೇನೆ. ಮಂಡಿಚಿಪ್ಪಿನ ಮುಂಭಾಗ ನೋಯುತ್ತದೆ, ಅಂಗೈ ಜೋಮು ಹಿಡಿಯುತ್ತದೆ. 52ನೇ ವಯಸ್ಸಿಗೆ ಇದು ಬೇಡವಿತ್ತೇನೋ ಅನ್ನಿಸುತ್ತಿದೆ.
– ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

ಉತ್ತರ: ಬಿಡುವ ಮೊದಲು ಸೀಟು ನೋಡಿ. ಕಲಿಯುವಾಗ ಎರಡೂ ಕಾಲು ನೆಲಕ್ಕೆ ಸಿಗಲೆಂದು ಇಳಿಸಿದ ಸೀಟನ್ನು ಹೆಚ್ಚಿನವರು ಮತ್ತೆ ಎತ್ತುವುದೇ ಇಲ್ಲ. ತಗ್ಗಿದ ಸೀಟಿನಲ್ಲಿ ಮಂಡಿ ಅತಿಯಾಗಿ ಮಡಚಿಕೊಂಡೇ ಬಲ ಹಾಕಬೇಕಾಗುತ್ತದೆ, ಭಾರವೆಲ್ಲ ಚಿಪ್ಪಿನ ಮೇಲೆ ಬೀಳುತ್ತದೆ.

ಗೋಡೆ ಹಿಡಿದು ಸೀಟಿನ ಮೇಲೆ ಕೂರಿ. ಒಂದು ಪೆಡಲನ್ನು ಪೂರ್ತಿ ಕೆಳಗೆ ತಂದು ಅದರ ಮೇಲೆ ಹಿಮ್ಮಡಿ ಇಡಿ. ಸೊಂಟ ವಾಲದೆ ಕಾಲು ನೆಟ್ಟಗಾದರೆ ಎತ್ತರ ಸರಿ. ತುಳಿಯುವಾಗ ಪಾದದ ಮುಂಭಾಗ ಪೆಡಲಿನ ಮೇಲಿರುವುದರಿಂದ ಮಂಡಿ ತಾನಾಗಿ ಸ್ವಲ್ಪ ಬಾಗಿರುತ್ತದೆ. ಒಂದೇ ದಿನ ಅಷ್ಟೆತ್ತರ ಹೆದರಿಕೆಯಾದರೆ ದಿನಕ್ಕೆ 5 ಎಂ.ಎಂ. ಏರಿಸುತ್ತ ಹೋಗಿ. ಸೀಟ್ ಕಂಬಿಯ ಮೇಲೆ ಕೊರೆದ ಮಿತಿಗೆರೆ ಹೊರಗೆ ಕಾಣಬಾರದು. ಈ ಎತ್ತರದಲ್ಲಿ ಕೂತಲ್ಲೇ ಪಾದ ನೆಲಕ್ಕೆ ಸಿಗದು. ನಿಲ್ಲುವಾಗ ಸೀಟಿನಿಂದ ಮುಂದಕ್ಕೆ ಇಳಿದು ಒಂದು ಕಾಲು ಊರುವುದನ್ನು ರೂಢಿ ಮಾಡಿಕೊಳ್ಳಿ. ಮುಂದೆಂದಾದರೂ ಮಂಡಿಯ ಹಿಂಭಾಗ ನೊಂದರೆ ಸೀಟು ಜಾಸ್ತಿ ಏರಿದೆ ಎಂದೇ ತಿಳಿಯಿರಿ.

ಎರಡನೆಯ ಕಾರಣ ಗೇರ್. ಭಾರದ ಗೇರಿನಲ್ಲಿ ನಿಧಾನ ತುಳಿದರೆ ವ್ಯಾಯಾಮ ಹೆಚ್ಚು ಎಂಬ ನಂಬಿಕೆ ಮಂಡಿಗೆ ಶತ್ರು. ಬಲಮಂಡಿ 15 ಸೆಕೆಂಡಿನಲ್ಲಿ ಎಷ್ಟು ಸಲ ಮೇಲೇಳುತ್ತದೆ ಎಣಿಸಿ. 15ಕ್ಕಿಂತ ಕಡಿಮೆಯಾದರೆ ಗೇರ್ ಇಳಿಸಿ. 16–18 ಬಂದರೆ ಚೆನ್ನ. ದಿಬ್ಬ ಶುರುವಾಗುವ ಮೊದಲೇ ಇಳಿಸಬೇಕು. ಅರ್ಧ ಏರಿ, ಮೈಭಾರವೆಲ್ಲ ಹಾಕಿ ತುಳಿಯುತ್ತಿರುವಾಗ ಬದಲಿಸಿದರೆ ಕಟಕಟ ಸದ್ದು ಬಂದು ಚೈನ್ ಕಳಚುತ್ತದೆ. ಸಿಗ್ನಲ್ಲಿಗೆ ನಿಲ್ಲುವ ಮುಂಚೆಯೂ ಹಗುರ ಗೇರಿಗೆ ಬನ್ನಿ.

ಅಂಗೈ ಜೋಮಿಗೆ ಸೀಟಿನ ಮೂತಿ ಮುಂದಕ್ಕೆ ತಗ್ಗಿದೆಯೇ ನೋಡಿ. ಮೈಯೆಲ್ಲ ಮುಂದೆ ಜಾರಿ ಕೈಮೇಲೆ ಬೀಳುತ್ತಿರಬಹುದು. ಸಮ ಮಾಡಿ, ಮೊಣಕೈ ಸ್ವಲ್ಪ ಮಡಚಿ ಹಿಡಿಯಿರಿ. ಇಷ್ಟೆಲ್ಲ ಸರಿಮಾಡಿಯೂ ಎರಡು ವಾರದಲ್ಲಿ ನೋವು ತಗ್ಗದಿದ್ದರೆ, ಅಥವಾ ಮಂಡಿ ಊದಿದರೆ, ಮೂಳೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಬಸ್ಸು, ಆಟೊ ಭಯಕ್ಕೆ ರಸ್ತೆಯ ತೀರಾ ಅಂಚಿನಲ್ಲೇ ಹೋಗುತ್ತೇನೆ. ಆದರೂ ಒತ್ತಿಕೊಂಡೇ ಬರುತ್ತಾರೆ.
– ಓದುಗರು, ದಾವಣಗೆರೆ

ಉತ್ತರ: ಅಂಚೇ ಅಪಾಯದ ಜಾಗ. ಮರಳು, ಗಾಜು, ಚರಂಡಿಯ ಕಬ್ಬಿಣದ ಜಾಲರಿ ಎಲ್ಲ ಸೇರುವುದು ಅಲ್ಲಿಯೇ. ಅದಕ್ಕೆ ಹೆದರಿ ನೀವು ತಟ್ಟನೆ ಬಲಕ್ಕೆ ಸರಿದಾಗ ಹಿಂದಿನವರಿಗೆ ಸುಳಿವಿರುವುದಿಲ್ಲ. ಎಡ ಅಂಚಿನಿಂದ ಮುಕ್ಕಾಲು ಮೀಟರ್ ಬಿಟ್ಟು ನೇರ ಗೆರೆಯಲ್ಲಿ ಹೋಗಿ. ನಿಂತ ಕಾರುಗಳಿಂದ ಒಂದು ಮೀಟರ್ ದೂರವಿರಿ, ಬಾಗಿಲು ಯಾವಾಗ ತೆರೆಯುತ್ತದೋ ಹೇಳಲಾಗದು. ನಿಂತ ಬಸ್ಸಿನ ಎಡಕ್ಕೆ ಎಂದೂ ನುಗ್ಗಬೇಡಿ. ಕೈ ಬೀಸುವ ಪ್ರಯಾಣಿಕರು ಕಂಡರೆ ಮುಂದಿನ ಆಟೊ ಎಡಕ್ಕೆ ತಿರುಗುತ್ತದೆ ಎಂದೇ ಲೆಕ್ಕ ಹಾಕಿ. ದೊಡ್ಡ ಸರ್ಕಲ್ಲಿನಲ್ಲಿ ಬಲಕ್ಕೆ ಹೋಗಬೇಕಾದರೆ ನೇರ ದಾಟಿ ಆಚೆ ನಿಂತು, ಆ ಕಡೆಯ ಸಿಗ್ನಲ್ ಬಂದಾಗ ಹೊರಡಿ.

ಪ್ರಶ್ನೆ: ತಿಂಗಳಿಗೆ ಮೂರು ನಾಲ್ಕು ಪಂಕ್ಚರ್. ಟ್ಯೂಬ್ ಬದಲಿಸಿದರೂ ಮರುದಿನ ಅದೇ ಗೋಳು.
– ಆಸ್ಪತ್ರೆ ಸಿಬ್ಬಂದಿ, ಬಳ್ಳಾರಿ

ಉತ್ತರ: ಮುಳ್ಳು ಟೈರಿನಲ್ಲೇ ಉಳಿದಿರಬೇಕು. ನಿಮ್ಮ ಕಡೆಯ ಜಾಲಿ ಮುಳ್ಳು ಹೊರಗೆ ಮುರಿದು, ತುದಿ ಮಾತ್ರ ರಬ್ಬರಿನಲ್ಲಿ ಹೂತು ಕೂರುತ್ತದೆ. ಟೈರ್ ಹಾಕುವಾಗ ಅದರ ಹೆಸರು ಬರೆದ ಜಾಗ ವಾಲ್ವಿನ ನೇರಕ್ಕೇ ಬರುವಂತೆ ಸದಾ ಕೂರಿಸಿ. ಆಗ ಟ್ಯೂಬಿನ ತೂತು ವಾಲ್ವಿನಿಂದ ಎಷ್ಟು ದೂರವಿದೆಯೋ ಅಷ್ಟೇ ದೂರದಲ್ಲಿ ಟೈರಿನೊಳಗೆ ಹುಡುಕಬಹುದು. ಒಳಮೈಯನ್ನು ಬಟ್ಟೆಯಿಂದ ಒರೆಸಿ, ಬಟ್ಟೆ ಸಿಕ್ಕಿಕೊಂಡಲ್ಲಿ ಮುಳ್ಳಿರುತ್ತದೆ. ಚಿಮಟದಿಂದ ಕೀಳಿ.

ತೂತಿನ ರೂಪವೂ ಕಾರಣ ಹೇಳುತ್ತದೆ. ಅಕ್ಕಪಕ್ಕ ಎರಡು ಸಣ್ಣ ಸೀಳುಗಳಿದ್ದರೆ ಗಾಳಿ ಕಡಿಮೆಯಾಗಿ ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಟ್ಯೂಬ್ ಜಜ್ಜಿದೆ. ತೂತು ಒಳಬದಿಗಿದ್ದರೆ ರಿಮ್ಮಿನ ಪಟ್ಟಿ ಸರಿದು ಕಡ್ಡಿಯ ತುದಿ ಚುಚ್ಚಿದೆ. ಗಾಳಿ ಎಷ್ಟಿರಬೇಕೆಂದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. 35 ಎಂ.ಎಂ. ಟೈರಿಗೆ ಸುಮಾರು 55–65 ಪಿಎಸ್‌ಐ. ವಾರಕ್ಕೊಮ್ಮೆ ಗೇಜ್ ಇರುವ ಪಂಪಿನಿಂದ ನೋಡಿ, ಹೆಬ್ಬೆರಳಲ್ಲಿ ಒತ್ತಿ ನೋಡಿದರೆ ತಿಳಿಯದು.

ಪ್ರಶ್ನೆ: ಬೆವರು, ಮಳೆ ಎರಡನ್ನೂ ಹೇಗೆ ನಿಭಾಯಿಸುವುದು?
– ಓದುಗರು, ಮಂಗಳೂರು

ಉತ್ತರ: ಬೆನ್ನಿನ ಬ್ಯಾಗನ್ನು ಕ್ಯಾರಿಯರಿಗೆ ಇಳಿಸಿ, ಕೊನೆಯ ಒಂದು ಕಿ.ಮೀ. ನಿಧಾನ ತುಳಿಯಿರಿ. ತಲುಪಿ ಹತ್ತು ನಿಮಿಷ ಆರಿದ ಮೇಲೆ ಒದ್ದೆ ಟವೆಲಿನಿಂದ ಒರೆಸಿ ಅಂಗಿ ಬದಲಿಸಿ. ಮಳೆಯಲ್ಲಿ ರಿಮ್ಮಿಗೆ ಹಿಡಿಯುವ ಬ್ರೇಕ್ ತಡವಾಗಿ ಕಚ್ಚುತ್ತದೆ, ಮುಂಚಿತವಾಗಿ ಮೆಲ್ಲಗೆ ಒತ್ತಿ ನೀರು ಹೊರಹಾಕಿ. ರಸ್ತೆಯ ಬಿಳಿ ಪಟ್ಟೆ, ಮ್ಯಾನ್‌ಹೋಲ್ ಮುಚ್ಚಳದ ಮೇಲೆ ಬ್ರೇಕ್ ಬೇಡ, ತಿರುವೂ ಬೇಡ. ನೀರು ನಿಂತಲ್ಲಿ ಆಳ ಕಾಣದಿದ್ದರೆ ಇಳಿದು ತಳ್ಳಿ. ಮನೆಗೆ ಬಂದು ಚೈನ್ ಒರೆಸಿ, ಒಣಗಿದ ಮೇಲೆ ಪ್ರತಿ ಕೊಂಡಿಗೆ ಒಂದು ಹನಿ ಎಣ್ಣೆ ಬಿಟ್ಟು ಮೇಲಿನ ಜಿಡ್ಡನ್ನು ಬಟ್ಟೆಯಿಂದ ತೆಗೆದುಬಿಡಿ. ನಿಮ್ಮೂರಿನ ಜೂನ್, ಜುಲೈ ಹವೆಯಲ್ಲಿ ಒಂದು ರಾತ್ರಿ ಹಾಗೇ ಬಿಟ್ಟರೂ ತುಕ್ಕು ಹತ್ತುತ್ತದೆ.